ಐದು ಬೆರಳಿನ ಎಲೆ

ಕಳೆದ ತಿಂಗಳು ಹುಬ್ಬಳ್ಳಿಯಲ್ಲಿರುವ ನಾದಿನಿಯ ಮನೆಗೆ ಹೋಗಿದ್ದೆ. ಆಕೆಗೆ ಆರೋಗ್ಯದ ಹುಚ್ಚು. ಒಂದು ವರ್ಷ ರಾಗಿ ಅಂಬಲಿ, ಮರುವರ್ಷ ನುಗ್ಗೆಸೊಪ್ಪಿನ ಪುಡಿ, ಈ ವರ್ಷ ಫೋನಿನಲ್ಲಿ ಆರ್ಡರ್ ಮಾಡಿ ತರಿಸಿದ ಇನ್ನೇನೋ ಬಿಳಿ ಪುಡಿ. ಮಿಂಚುವ ಪಾಕೀಟಿನ ಮೇಲೆ ಆಫ್ರಿಕಾದ ಬಯಲು, ಅಲ್ಲೊಂದು ಡೊಳ್ಳುಹೊಟ್ಟೆಯ ಮರ. "ಭಾಳ ತುಟ್ಟಿ ಐತ್ರಿ ವೈನಿ, ಚೂರ ಹಾಕ್ತೇನಿ" ಎನ್ನುತ್ತ ಅರ್ಧ ಚಮಚ ನೀರಿಗೆ ಕಲಸಿ ನನ್ನ ಕೈಗಿಟ್ಟಳು. ಒಂದು ಗುಟುಕು ಕುಡಿದೆ. ಬಾಯೆಲ್ಲ ಒಣಗಿಸುವ ಆ ಹುಳಿ, ಹಲ್ಲಿಗೆ ಅಂಟುವ ಆ ಹಿಟ್ಟು. ಲೋಟ ಕೆಳಗಿಟ್ಟುಬಿಟ್ಟೆ.

"ಯಾಕ್ರೀ ವೈನಿ, ಸೇರಲಿಲ್ಲೇನು?"

ಇದು ಸವಣೂರಿನಲ್ಲೂ ಇರುವ ದೊಡ್ಡಹುಣಸೆ ಮರದ ಹಣ್ಣಿನ ಪುಡಿ, ಅಲ್ಲಿ ಇದನ್ನು ದನವೂ ಮೂಸುವುದಿಲ್ಲ ಎಂದೆ. ಆಕೆ ನಂಬಲಿಲ್ಲ. ನಾನೂ ಮುಂದೆ ಹೇಳಲು ಹೋಗಲಿಲ್ಲ. ಹೇಳಹೊರಟಿದ್ದರೆ ಪುಡಿಯ ಮಾತು ಬಿಟ್ಟು ನೀಲಮ್ಮ ಕಾಕುವಿನ ಮಾತು ಬರುತ್ತಿತ್ತು. ಅದು ನಾಲ್ಕು ಜನ ನಗುತ್ತ ಕೂತಲ್ಲಿ ತೆಗೆಯುವ ಮಾತಲ್ಲ.

ಕೆಲವು ವರ್ಷಗಳ ಹಿಂದೆ, ಮಳೆಗಾಲ ಹಿಡಿಯುವ ಹೊತ್ತಿಗೆ ನನಗೆ ಸವಣೂರಿನ ಹೈಸ್ಕೂಲಿಗೆ ವಿಜ್ಞಾನದ ಟೀಚರ್ ಆಗಿ ವರ್ಗವಾಗಿತ್ತು. ನನ್ನ ಊರು ಹಂಸಭಾವಿ, ಗಂಡ ಮತ್ತು ಮಗಳು ಹಾವೇರಿಯಲ್ಲಿ. ಒಂದೇ ವರ್ಷದ ಮಾತು, ಮತ್ತೆ ಊರ ಕಡೆ ಹಾಕಿಸಿಕೊಳ್ಳಬಹುದು ಎಂದು ಎಲ್ಲರೂ ಸಮಾಧಾನ ಹೇಳಿದರು. ಸಮಾಧಾನ ಹೇಳುವವರಿಗೇನು, ಹಾಸಿಗೆ ಹೊತ್ತುಕೊಂಡು ಹೋಗಬೇಕಾದವಳು ನಾನು. ಮುಖ ದಪ್ಪ ಮಾಡಿಕೊಂಡೇ ಸವಣೂರಿನ ಬಸ್ಸು ಇಳಿದೆ. ಎಲೆ ಬಸಣ್ಣನವರ ಮನೆಯ ಹಿತ್ತಿಲ ಕಡೆಯ ಖೋಲಿ ಬಾಡಿಗೆಗೆ ಸಿಕ್ಕಿತು.

ಎಲೆ ಅಂದರೆ ವೀಳ್ಯದೆಲೆ. ಬಸಣ್ಣ ಕಾಕಾ ಹರೆಯದಲ್ಲಿ ಸುತ್ತಲಿನ ಎಲೆತೋಟಗಳಿಂದ ಎಲೆ ಹಿಡಿದು, ಬುಟ್ಟಿ ಕಟ್ಟಿಸಿ, ಯಲವಿಗಿ ಸ್ಟೇಶನ್ನಿನಲ್ಲಿ ರೈಲಿಗೆ ಹತ್ತಿಸುತ್ತಿದ್ದವರು. ನಾನು ಹೋಗುವ ಹೊತ್ತಿಗೆ ವ್ಯಾಪಾರವನ್ನು ಮಗ ಮಲ್ಲು ನೋಡಿಕೊಳ್ಳುತ್ತಿದ್ದ, ಕಾಕಾ ಕಿಟಕಿಯ ಪಕ್ಕದ ಮಂಚ ಹಿಡಿದಿದ್ದರು. ಅವರ ಎರಡೂ ಕಿಡ್ನಿ ಸೋತಿದ್ದವು. ಹೃದಯವೂ ಗಟ್ಟಿ ಇರಲಿಲ್ಲವಾದ್ದರಿಂದ ದೊಡ್ಡ ಚಿಕಿತ್ಸೆ ತಡೆಯಲಾರರು ಎಂದು ಹುಬ್ಬಳ್ಳಿಯ ಡಾಕ್ಟರು ಗುಳಿಗೆ ಮತ್ತು ಪಥ್ಯದ ಮೇಲೆ ಇಟ್ಟಿದ್ದರು. ಕಾಲು ಬಾತಿದ್ದವು, ಮುಖ ಬಾತಿತ್ತು. ಆದರೂ ಮಲ್ಲು ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಹೊಸ ಕಟ್ಟಿನಿಂದ ಒಂದು ಎಲೆ ಎಳೆದು ಅವರ ಕೈಗೆ ಕೊಡುವುದು ತಪ್ಪಿರಲಿಲ್ಲ. ಕಾಕಾ ಕಣ್ಣು ಮುಚ್ಚಿ, ಎಲೆಯ ಬೆನ್ನಿನ ಮೇಲೆ ತೊಟ್ಟಿನಿಂದ ತುದಿಯವರೆಗೆ ಹೆಬ್ಬೆರಳು ಎಳೆದು, ಯಾರ ತೋಟದ್ದು, ಯಾವತ್ತು ಕೊಯ್ದದ್ದು ಎಂದು ಹೇಳುತ್ತಿದ್ದರು. ಅವಸರ ಮಾಡುತ್ತಿರಲಿಲ್ಲ. ಅಂಗಡಿಗೆ ಹೊತ್ತಾಯಿತೆಂದು ಮಲ್ಲು ಕಾಲು ಬದಲಿಸುತ್ತ ನಿಂತಿರುತ್ತಿದ್ದ. "ಮನಷ್ಯಾ ಸುಳ್ಳ ಹೇಳ್ತಾನ, ಎಲಿ ಹೇಳೂದಿಲ್ಲ" ಎಂಬುದು ಕಾಕಾ ದಿನಕ್ಕೊಮ್ಮೆಯಾದರೂ ಆಡುವ ಮಾತು.

ಆ ಮಾತು ಬಂದಾಗಲೆಲ್ಲ ಅಡುಗೆಮನೆಯಿಂದ ಅವರ ಹೆಂಡತಿ ನೀಲಮ್ಮ ಕಾಕು, "ನನಗ ಅನ್ನಾಕತ್ತಾರ ನೋಡ್ ಟೀಚರ್" ಎನ್ನುತ್ತಿದ್ದಳು. ಸುಳ್ಳು ಆಕೆಗೆ ನೀರು ಕುಡಿದಷ್ಟು ಸಲೀಸು. ಆದರೆ ಒಂದು ಸುಳ್ಳಿನಲ್ಲೂ ತನಗಾಗಿ ಏನೂ ಇರುತ್ತಿರಲಿಲ್ಲ. ಪಕ್ಕದ ಮನೆಯ ಮುದುಕಿಗೆ, "ನಿನ್ನ ಸೊಸಿ ನಿನ್ನ ಭಾಳ ಹೊಗಳತಿದ್ಲಬೇ" ಎಂದು ಹೇಳಿ ಬರುತ್ತಿದ್ದಳು. ಗಂಡನಿಗೆ ಉಪ್ಪು ಕೊಡಬಾರದೆಂದು ಡಾಕ್ಟರು ಹೇಳಿದ್ದರು. ಸಪ್ಪನೆಯ ಸಾರು ಬಡಿಸಿ, ಅವರು ಮುಖ ಕಿವಿಚಿದರೆ, "ಉಪ್ಪ ಹಾಕೀನ್ರಿ. ನಿಮ್ಮ ನಾಲಗಿ ಕೆಟ್ಟೈತಿ" ಎಂದುಬಿಡುತ್ತಿದ್ದಳು. ಕಾಕಾ ಕೂಡ ಗೊತ್ತಿದ್ದೇ ತಿನ್ನುತ್ತಿದ್ದರು. ಎರಡು ವರ್ಷದಿಂದ ಅವರಿಬ್ಬರ ಸಂಸಾರ ಹಾಗೆ ನಡೆದಿತ್ತು.

ನಾನು ಹೋದ ವಾರದಲ್ಲೇ ಕಾಕಾ ನನ್ನನ್ನು ಕರೆದು ಕೂರಿಸಿದರು.

"ಟೀಚರ್, ನೀವು ಸೈನ್ಸ್ ಕಲಸಾವ್ರು. ಒಂದು ಕೇಳ್ತೇನಿ. ಮಠದಾಗ ಮೂರ ದೊಡ್ಡಹುಣಸಿ ಗಿಡ ಅದಾವು. ನೋಡೀರಿಲ್ಲೋ?"

ನೋಡಿದ್ದೆ. ಸವಣೂರಿಗೆ ಬಂದವರು ಅವನ್ನು ನೋಡದೆ ಹೋಗುವುದಿಲ್ಲ. ಯಾವ ಕಾಲದಲ್ಲೋ ಯಾರೋ ದೂರದೇಶದಿಂದ ತಂದು ನೆಟ್ಟದ್ದೆಂದು ಹೇಳುತ್ತಾರೆ. ಹೆಸರಿಗಷ್ಟೇ ಹುಣಸೆ. ಮನೆಯಷ್ಟು ದಪ್ಪದ ಬೊಡ್ಡೆ, ಅಂಗೈ ಬಿಚ್ಚಿದಂತೆ ಐದು ಬೆರಳಿನ ಎಲೆ, ಜೋತು ಬಿದ್ದ ಮಖಮಲ್ಲಿನಂಥ ಕಾಯಿ.

"ಸಣ್ಣಾವ ಇದ್ದಾಗಿಂದ ನೋಡಾಕತ್ತೇನಿ. ಕಾಯಿ ಬೀಳ್ತಾವು, ಬೀಜ ಬೀಳ್ತಾವು. ಅದರ ಮರಿ ಎಲ್ಲಿ? ಬೇವಿನ ಗಿಡದ ಬುಡಕ ಬೇವು ಹುಟ್ಟತೈತಿ. ಈ ಗಿಡಕ್ಕ ಮರಿ ಯಾಕಿಲ್ಲ? ಎಷ್ಟು ಮಂದಿನ್ನ ಕೇಳೀನಿ, ಒಬ್ಬರೂ ಹೇಳಲಿಲ್ಲ. ಆ ಐದು ಬಳ್ಳಿನ ಎಲಿ ಸಣ್ಣದು ಹೆಂಗಿರತೈತಿ, ಒಮ್ಮೆ ಮುಟ್ಟಿ ನೋಡಬೇಕು ನಾ."

ನಾನೂ ಯೋಚಿಸಿರಲಿಲ್ಲ. ಫೋನಿನಲ್ಲಿ ಹುಡುಕಿದೆ. ಬಂದ ಚಿತ್ರಗಳೆಲ್ಲ ದೊಡ್ಡ ಮರಗಳವೇ, ಕೆಳಗೆ ಒಂದೊಂದು ಆನೆ. ಬೀಜದ ಸಿಪ್ಪೆ ಬಹಳ ಗಟ್ಟಿ, ಅದರ ಮೂಲ ನಾಡಿನಲ್ಲಿ ಆನೆಯೋ ಮಂಗವೋ ತಿಂದು ಹೊರಹಾಕಿದರೆ ಬೇಗ ಮೊಳೆಯುತ್ತದೆ ಎಂದು ಒಂದು ಕಡೆ ಬರೆದಿತ್ತು. ಓದಿ ಹೇಳಿದೆ.

"ಸವಣೂರಾಗ ಆನಿ ಎಲ್ಲಿಂದ ತರೂದ್ರಿ? ನಮ್ಮ ಎಮ್ಮಿ ನಡೀತೈತೇನ ಕೇಳಿ ನೋಡ್ರಿ" ಎಂದು ಕಾಕಾ ನಕ್ಕರು. ನಕ್ಕದ್ದಕ್ಕೆ ಕೆಮ್ಮು ಬಂತು, ಕೆಮ್ಮಿಗೆ ಕಾಕು ಓಡಿ ಬಂದಳು.

ಮರುದಿನ ಮಲ್ಲು ಮಠದ ಅಂಗಳದಲ್ಲಿ ಬಿದ್ದಿದ್ದ ಒಣಕಾಯಿ ತಂದ. ಕಲ್ಲಿನಿಂದ ಒಡೆದರೆ ಒಳಗೆ ಸುಣ್ಣದಂಥ ಬಿಳಿ ತಿರುಳು, ಅದರೊಳಗೆ ಕಂದು ಬೀಜ. ಬೀಜದ ಆಕಾರ ಪಾಠದ ಚಿತ್ರದಲ್ಲಿ ನಾನು ದಿನಾ ತೋರಿಸುವ ಕಿಡ್ನಿಯದೇ. ನನಗೆ ಹೊಳೆಯಿತು, ಹೇಳಲಿಲ್ಲ. ಕಾಕಾ ತಿರುಳು ಚೀಪಿ, "ಹುಡುಗರಿದ್ದಾಗ ಮಾಸ್ತರ ಹೊಡದ್ರೂ ಬಿಡದ ತಿಂತಿದ್ವಿ" ಎಂದರು. ಕಾಕು ಥಟ್ಟನೆ ಅವರ ಕೈಯಿಂದ ಕಿತ್ತುಕೊಂಡಳು. ಪಥ್ಯದಲ್ಲಿ ಹಣ್ಣಿಗೂ ಜಾಗವಿರಲಿಲ್ಲ. ಬಾಳೆಹಣ್ಣಿಲ್ಲ, ಎಳನೀರಿಲ್ಲ, ಮಾವಿನಹಣ್ಣಂತೂ ಮನೆಯೊಳಗೇ ಬರುವಂತಿಲ್ಲ. ಹಾನಗಲ್ಲಿನ ಆಪೂಸು ಎಂದರೆ ಪ್ರಾಣ ಬಿಡುತ್ತಿದ್ದವರು ಎರಡು ಸುಗ್ಗಿ ಅದರ ವಾಸನೆ ನೋಡಿರಲಿಲ್ಲ.

ಬೀಜದ ಅಂಚನ್ನು ಅರದಿಂದ ಉಜ್ಜಿ, ಬಿಸಿನೀರಿನಲ್ಲಿ ನೆನೆಹಾಕಿ, ಬಣ್ಣದ ಹಳೆ ಡಬ್ಬಿಯಲ್ಲಿ ಮಣ್ಣು ತುಂಬಿ ಊರಬೇಕೆಂದು ನಿಶ್ಚಯವಾಯಿತು. "ಹೇಳಾವ್ರು ನೀವಿಬ್ಬರು, ಮಾಡಾಕಿ ನಾನು" ಎಂದು ಗೊಣಗುತ್ತ ಎಲ್ಲ ಮಾಡಿದವಳು ಕಾಕು. ಉಜ್ಜುವಾಗ, ನೆನೆಸುವಾಗ ನಾನಿದ್ದೆ. ಊರಿದ ದಿನ ನಾನು ಶಾಲೆಯಲ್ಲಿದ್ದೆ. ಸಂಜೆ ಬಂದಾಗ ಡಬ್ಬಿ ಕಾಕಾ ಮಲಗುವ ಕಿಟಕಿಯ ಹೊರಗೆ ಕಟ್ಟೆಯ ಮೇಲೆ ಕೂತಿತ್ತು.

ಆಮೇಲೆ ಮಳೆ ಹಿಡಿಯಿತು. ಆ ವರ್ಷದ ಮಳೆ ಸುರಿದು ಹೋಗುವ ಮಳೆಯಲ್ಲ, ದಿನವಿಡೀ ಜಿಟಿಜಿಟಿ ಹನಿಯುವ ಮಳೆ. ಒಗೆದ ಬಟ್ಟೆ ಒಣಗದೆ ಮನೆಯೆಲ್ಲ ಮುಗ್ಗಲು ವಾಸನೆ. ಕಾಕಾ ಏಳುತ್ತಲೇ ಕೇಳುತ್ತಿದ್ದುದು, "ಬಂತೇನು?" ಕಾಕು ಹೊರಗೆ ಹೋಗಿ ನೋಡಿ ಬಂದು, "ಮಣ್ಣ ಚೂರ ಬಿರದೈತ್ರಿ" ಎನ್ನುತ್ತಿದ್ದಳು. ಮಣ್ಣು ಬಿರಿದಿರಲಿಲ್ಲ, ನಾನೂ ನೋಡಿದ್ದೆ.

ಮಾವಿನ ಸುಗ್ಗಿ ಮುಗಿಯುವ ಹೊತ್ತಿಗೆ ಕಾಕಾನನ್ನು ಮತ್ತೊಮ್ಮೆ ಹುಬ್ಬಳ್ಳಿಗೆ ಒಯ್ದರು. ರೈಲಿನಲ್ಲಿ ಯಲವಿಗಿಗೆ ಬಂದು, ಅಲ್ಲಿಂದ ಟಂಟಂ ಮಾಡಿಕೊಂಡು ಕತ್ತಲಾಗುವ ಮೊದಲು ಮನೆ ಸೇರಿದರು. ಕಾಕುವಿನ ಕೈಯಲ್ಲಿ ಒಂದು ಬುಟ್ಟಿ. ಅದು ಒಳಗೆ ಬರುವ ಮೊದಲೇ ವಾಸನೆ ಬಂತು.

"ಏನ್ ಕಾಕು, ಮಾವಿನಹಣ್ಣು!" ಎಂದೆ.

"ಕಮ್ಮಿ ಆಗೈತಂತವಾ. ಇನ್ನ ಮನಸಿಗೆ ಬಂದದ್ದು ತಿನ್ಲಿ ಅಂದ್ರು ಡಾಕ್ಟ್ರು" ಎಂದಳು. ಅದೂ ಎಷ್ಟು ಗೆಲುವಾಗಿ ಹೇಳಿದಳೆಂದರೆ ನಾನು ಒಂದು ಗಳಿಗೆ ನಂಬಿದೆ. ಆಮೇಲೆ ಅಡುಗೆಮನೆಗೆ ನೀರಿಗೆ ಹೋದರೆ ಆಕೆ ಒಲೆಯ ಕಟ್ಟೆಗೆ ಎರಡೂ ಕೈ ಊರಿ ನಿಂತಿದ್ದಳು. ನನ್ನನ್ನು ನೋಡಿ ಬಾಯಿಯ ಮೇಲೆ ಸೆರಗು ಹಿಡಿದು, ಬೇಡ ಎಂಬಂತೆ ತಲೆ ಆಡಿಸಿದಳು. ನಾನು ನೀರು ತುಂಬಿಕೊಂಡು ಹೊರಬಂದೆ.

ಕಾಕಾ ಹಣ್ಣನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಪೂರ್ತಿ ತಿಂದರು, ಗೊರಟೆಯನ್ನೂ ಬಿಡದೆ ಚೀಪಿದರು. ಚೆನ್ನಾಗಿದೆ ಎಂದೂ ಅನ್ನಲಿಲ್ಲ, ಇನ್ನೊಂದು ಬೇಕೆಂದೂ ಕೇಳಲಿಲ್ಲ. ಕೈ ತೊಳೆಸಿಕೊಂಡು ಗೋಡೆಗೆ ಒರಗಿ, ಕಿಟಕಿಯ ಹೊರಗಿನ ಡಬ್ಬಿಯ ಕಡೆ ನೋಡುತ್ತ ಕೂತರು. ಅಂದಿನಿಂದ ಸಾರಿಗೆ ಉಪ್ಪು ಬೀಳತೊಡಗಿತು. "ಉಪ್ಪ ಹಾಕೀನ್ರಿ" ಎಂದು ಕಾಕು ಹೇಳಿದರೆ ಕಾಕಾ, "ಹೂಂ, ಹಾಕಿರ್ತಿ" ಎನ್ನುತ್ತಿದ್ದರು. ಅವರ ನಾಲಿಗೆಯ ರುಚಿ ಆಗಲೇ ನಿಜವಾಗಿ ಹೋಗಿತ್ತು.

ಮೊಳಕೆ ಬಂದದ್ದು ಅದಾದ ಮೇಲೆ. ಒಂದು ಬೆಳಿಗ್ಗೆ ಕಾಕು ಕೂಗಿದ ಕೂಗಿಗೆ ನಾನು ಹಲ್ಲುಜ್ಜುತ್ತಲೇ ಓಡಿದೆ. ಡಬ್ಬಿಯಲ್ಲಿ ದಪ್ಪ ಕಾಂಡದ ಒಂದು ಮೊಳಕೆ ಬಾಗಿ ನಿಂತಿತ್ತು. ಮೊದಲು ಬರುವ ಜೋಡಿ ಎಲೆ ಬೀಜದವು, ಅವನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ನಾನೇ ಕಾಕಾಗೆ ಹೇಳಿದೆ. ಖರೇ ಎಲೆಗಾಗಿ ಕಾದೆವು. ಆ ದಿನಗಳಲ್ಲಿ ಕಾಕಾ ಎರಡು ತುತ್ತು ಹೆಚ್ಚು ಉಂಡರು, ಬಂದವರಿಗೆಲ್ಲ, "ಸವಣೂರಾಗ ನಾಕನೇ ದೊಡ್ಡಹುಣಸಿ ನಮ್ಮ ಮನ್ಯಾಗ ಹುಟ್ಟೈತಿ" ಎಂದು ಹೇಳಿದರು.

ಖರೇ ಎಲೆ ಬಂತು. ಒಂದು ಬಂತು, ಎರಡು ಬಂತು, ಮೂರು ಬಂತು. ಎಲ್ಲವೂ ಉದ್ದುದ್ದ, ಒಂಟಿ ಎಲೆಗಳು. ಬೆರಳಿಲ್ಲ, ಸೀಳಿಲ್ಲ, ಯಾವ ಬೇಲಿಯ ಬದುವಿನಲ್ಲಾದರೂ ಸಿಗುವಂಥ ಎಲೆ.

ಕಾಕಾ ಡಬ್ಬಿಯನ್ನು ಒಳಗೆ ತರಿಸಿಕೊಂಡರು. ಅಂದು ರವಿವಾರ, ಮಲ್ಲು ಕೂಡ ಇದ್ದ. ಕಾಕಾ ಕಣ್ಣು ಮುಚ್ಚಿ, ಬಾತ ಹೆಬ್ಬೆರಳನ್ನು ಎಲೆಯ ಬೆನ್ನಿನ ಮೇಲೆ ತೊಟ್ಟಿನಿಂದ ತುದಿಗೆ ಎಳೆದರು. ಮತ್ತೊಮ್ಮೆ ಎಳೆದರು.

"ಇದು ದೊಡ್ಡಹುಣಸಿ ಅಲ್ಲ" ಎಂದರು.

"ಅದ ಬೀಜಾನ ಹಾಕೀನ್ರಿ" ಎಂದಳು ಕಾಕು.

"ಅದು ಹುಟ್ಟಲಿಲ್ಲ. ನಾ ಹಾದಿ ಕಾಯಾಕತ್ತಿದ್ದೆ. ನಿನಗ ನೋಡಾಕ ಆಗಲಿಲ್ಲ. ಯಾವುದೋ ಗಿಡದ ಬೀಜ ತಂದು ಹಾಕೀದಿ."

"ನಿಮ್ಮಾಣಿ ಇಲ್ರೀ."

"ಉಪ್ಪ ಹಾಕೀನಿ ಅಂದಿ, ಹೂಂ ಅಂದೆ. ಕಮ್ಮಿ ಆಗೈತಿ ಅಂದಿ, ಮಾವಿನಹಣ್ಣ ತಂದಿ. ಪಥ್ಯ ಯಾವಾಗ ಬಿಡಸ್ತಾರ ಅನ್ನೂದು ನನಗ ತಿಳಿಯೂದಿಲ್ಲೇನು? ಅದಕ್ಕೂ ಸುಮ್ಮನಿದ್ದೆ. ಇದೊಂದರಾಗರ ಖರೇ ಹೇಳಬೇಕಿತ್ತು ನೀ. ಎಲ್ಯಾಗರ ನನ್ನ ಮೋಸ ಮಾಡಬಾರದಿತ್ತು."

ಕಾಕು ನನ್ನ ಕಡೆ ತಿರುಗಿ, "ಟೀಚರ್, ನೀನರ ಹೇಳವಾ" ಎಂದಳು. ಬೀಜ ಉಜ್ಜಿದ್ದು, ನೆನೆಸಿದ್ದು ನಾನು ಕಂಡಿದ್ದೇನೆ, ಕಾಕು ಹಾಗೆ ಮಾಡುವವಳಲ್ಲ ಎಂದೆ. ಹೇಳುತ್ತಿದ್ದಂತೆ ನನ್ನ ಕಣ್ಣು ಆ ಒಂಟಿ ಎಲೆಗಳ ಮೇಲೇ ಹೋಯಿತು, ಅದನ್ನು ಕಾಕಾ ಗಮನಿಸಿದರು. "ನೀವೂ ಆಕಿ ಕೂಡೇ ಅದೀರಿ, ಇರ್ಲಿ ಬಿಡ್ರಿ" ಎಂದರು. ಸಿಟ್ಟೂ ಇರಲಿಲ್ಲ ಧ್ವನಿಯಲ್ಲಿ. "ಬೆಳಿಯೂ ಸಿರಿ ಮೊಳಕ್ಯಾಗ ಅಂತಾರ. ಮೊಳಕೀನ ಹಿಂಗಿದ್ರ ಮುಂದ ಐದು ಬಳ್ಳ ಎಲ್ಲಿಂದ ಬರಬೇಕು?"

ಆ ಊರಿನಲ್ಲಿ ಆ ಮರದ ಎಲೆ ಗುರುತಿಸದ ಮಗುವಿಲ್ಲ. ಮಲ್ಲು ತಿರುವಿ ನೋಡಿದ, ಪಕ್ಕದ ಮನೆಯ ಮುದುಕಿ ಬಂದು ನೋಡಿದಳು, ಎಲೆತೋಟದವರು ನೋಡಿದರು. ಎಲ್ಲರೂ ಒಂದೇ ಮಾತು ಹೇಳಿದರು, ಇದು ಯಾವುದೋ ಕಾಡುಗಿಡ. ಆ ಮರದ ಮರಿಯನ್ನು ಅವರಲ್ಲಿ ಒಬ್ಬರೂ ಕಂಡವರಲ್ಲ ಎಂಬುದು ಅಂದು ಯಾರ ತಲೆಗೂ ಬರಲಿಲ್ಲ, ನನ್ನ ತಲೆಗೂ ಬರಲಿಲ್ಲ.

ಅಲ್ಲಿಂದ ಮುಂದೆ ಕಾಕಾ ಹೆಂಡತಿಯ ಜೊತೆ ಮಾತು ಬಿಟ್ಟರು. ಜಗಳವಾಡಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ಗುಳಿಗೆ ಆಕೆ ಕೊಟ್ಟರೆ ತೆಗೆದುಕೊಳ್ಳುತ್ತಿದ್ದರು, ಬೆನ್ನು ತಿಕ್ಕಿದರೆ ತಿಕ್ಕಿಸಿಕೊಳ್ಳುತ್ತಿದ್ದರು. ಆಕೆ ಏನಾದರೂ ಕೇಳಿದರೆ ಮಾತ್ರ ಕಣ್ಣು ಮುಚ್ಚುತ್ತಿದ್ದರು. ಒಂದು ದಿನ ನನ್ನನ್ನು ಕರೆದು, "ನನ್ನ ಮಗ್ಗಲಾ ಬದಲ ಮಾಡ್ರಿ ಟೀಚರ್. ಆ ಕಿಡಕಿ ಕಡೆ ಬ್ಯಾಡ" ಎಂದರು. ಮಲ್ಲು ಮತ್ತು ನಾನು ಸೇರಿ ಮಂಚ ತಿರುಗಿಸಿದೆವು. ಕಾಕು ಅದನ್ನು ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಹೊರಗೆ ಹೋಗಿ, ಮಳೆ ಬೀಳುತ್ತಿದ್ದರೂ, ಆ ಡಬ್ಬಿಗೆ ಒಂದು ತಂಬಿಗೆ ನೀರು ಹಾಕಿದಳು.

ಶ್ರಾವಣದ ಒಂದು ಸೋಮವಾರ ಬೆಳಿಗ್ಗೆ ಕಾಕಾ ಹೋದರು. ಕಾಕು ಹಿಂದಿನ ಸಂಜೆಯಿಂದ ಅವರ ಕಾಲು ಒತ್ತುತ್ತ ಕೂತಿದ್ದಳು. "ಏನರ ಅಂದ್ರೇನು ಕಾಕು?" ಎಂದು ಕೇಳಬಾರದ್ದನ್ನು ನಾನು ಕೇಳಿದೆ. ಇಲ್ಲ ಎಂದು ಕೈ ತಿರುವಿದಳು. ಯಲವಿಗಿ ರಸ್ತೆಯಲ್ಲಿರುವ ಅವರದೇ ಹೊಲದಲ್ಲಿ ಮಣ್ಣು ಮಾಡಿದರು. ಮಣ್ಣು ನೆಂದು ಕಾಲಿಗೆ ಮೆತ್ತುತ್ತಿತ್ತು. ಮೊದಲ ಹಿಡಿ ಮಣ್ಣು ಹಾಕಿ ಬಂದು ಕಾಕು ನನ್ನ ಪಕ್ಕ ನಿಂತು, ಯಾರಿಗೂ ಕೇಳದಂತೆ, "ನಾ ಅದ ಬೀಜಾನ ಹಾಕಿದ್ದೆವಾ" ಎಂದಳು. ಸುಳ್ಳು ಹೇಳುತ್ತ ಬದುಕಿದ ಆಕೆಗೆ ಆ ಒಂದು ಖರೇ ಮಾತನ್ನು ಎಲ್ಲಿಡಬೇಕೆಂದು ತಿಳಿಯದಾಗಿತ್ತು. ಆಕೆಯ ಕೈ ಹಿಡಿದುಕೊಂಡೆ ಅಷ್ಟೇ.

ಚಳಿಗಾಲ ಬಂದಾಗ ಗಿಡದ ಎಲೆ ಹಳದಿಯಾಗಿ ಒಂದೊಂದೇ ಉದುರಿದವು. ಡಬ್ಬಿಯಲ್ಲಿ ಬರಿಯ ಒಂದು ಕಡ್ಡಿ ಉಳಿಯಿತು. ಮಲ್ಲು ಒಮ್ಮೆ ಅದನ್ನು ಕೀಳಲು ಕೈ ಹಾಕಿದ. "ಸತ್ತೈತಿ ಬಿಡಬೇ, ಯಾಕ ಇಟ್ಕೊಂಡು ಕುಂತಿ?" ಕಾಕು ಅವನ ಕೈಯನ್ನು ಸರಿಸಿದಳು. ಮರುದಿನ ಸಂಜೆ ನನ್ನನ್ನು ಮಠಕ್ಕೆ ಕರೆದೊಯ್ದಳು. ಮೂರೂ ದೊಡ್ಡ ಮರಗಳು ಬೋಳಾಗಿ ನಿಂತಿದ್ದವು, ಒಂದು ಎಲೆಯಿರಲಿಲ್ಲ. ಸುತ್ತಲ ಬೇವು ಹೊಂಗೆ ಹಸಿರಾಗಿಯೇ ಇದ್ದವು. ಕಾಕು ಮೇಲೆ ನೋಡಿದಳು, ನನ್ನ ಮುಖ ನೋಡಿದಳು. "ನಮ್ಮ ಡಬ್ಬ್ಯಾಗಿಂದೂ ಇದರ ಹಂಗ ಮಾಡೈತಿ, ನೋಡ್" ಎಂದಳು. ಹೌದಲ್ಲ ಎಂದೆ.

ಬೇಸಿಗೆ ಕಳೆದ ಮೇಲೆ ನನಗೆ ಹಂಸಭಾವಿಗೆ ವರ್ಗ ಸಿಕ್ಕಿತು. ಹಾಸಿಗೆ ಕಟ್ಟುವಾಗ ಬಂದ ದಿನದ ದಪ್ಪ ಮುಖ ನೆನಪಾಗಿ ನಾಚಿಕೆಯಾಯಿತು. ಕಡ್ಡಿಯ ತುದಿಯಲ್ಲಿ ಹಸಿರು ಚುಕ್ಕೆ ಮೂಡಿತ್ತು. ಅದು ಬಿಚ್ಚಿದ ಮೇಲೆ ಫೋನು ಮಾಡು ಎಂದು ಹೇಳಿ ಬಸ್ಸು ಹತ್ತಿದೆ.

ಆಕೆ ಫೋನು ಮಾಡಿದ್ದು ಶ್ರಾವಣದಲ್ಲಿ. "ಅವರ ವರ್ಷದ ಎಡಿ ಐತಿ, ಬಾರವಾ" ಎಂದಳು. ಗಿಡದ ಮಾತೆತ್ತಲಿಲ್ಲ. ನಾನು ಹೋದಾಗ ಬಾಗಿಲಲ್ಲೇ ನನ್ನ ಮುಂಗೈ ಹಿಡಿದು ಕಟ್ಟೆಯ ಹತ್ತಿರ ಎಳೆದೊಯ್ದಳು. ಗಿಡ ನನ್ನ ಸೊಂಟದವರೆಗೆ ಬಂದಿತ್ತು. ಬುಡದಲ್ಲಿ ಹಳೆಯಂಥ ಒಂಟಿ ಎಲೆಗಳು. ಸ್ವಲ್ಪ ಮೇಲೆ ಎರಡಾಗಿ, ಮೂರಾಗಿ ಸೀಳಿದ ಎಲೆಗಳು. ಎಲ್ಲಕ್ಕಿಂತ ಮೇಲೆ, ಇನ್ನೂ ಎಳೆಯದಾಗಿ ಹೊಳೆಯುತ್ತ, ಐದು ಬೆರಳು. ಆ ಮರ ಸಣ್ಣದಿದ್ದಾಗ ಒಂಟಿ ಎಲೆಯನ್ನೇ ಬಿಡುತ್ತದೆ, ಬೆಳೆದ ಮೇಲೆ ಬೆರಳು ಒಡೆಯುತ್ತದೆ ಎಂದು ನಾನು ಕಲಿತದ್ದು ಅಲ್ಲಿ, ಅಂದು. ಕಾಕಾನ ಹೆಬ್ಬೆರಳು ತಪ್ಪು ಹೇಳಿತ್ತು. ನನಗೆ ಅಳು ತಡೆಯಲಾಗಲಿಲ್ಲ. ಕಾಕು ಅಳಲಿಲ್ಲ. "ಇದನ್ನ ಈಗ ಯಾರಿಗೆ ತೋರಸ್ಲಿ?" ಎಂದು ಕೇಳಿದಳು, ನಾನೇನೋ ಉತ್ತರ ಕೊಡಬಲ್ಲೆ ಎಂಬಂತೆ.

ಎಡೆ ತೆಗೆದುಕೊಂಡು ಹೊಲಕ್ಕೆ ಹೋದೆವು. ಹೋಳಿಗೆ, ಬದನೆಕಾಯಿ ಎಣ್ಣೆಗಾಯಿ, ಅನ್ನ, ಸಾರು. ಯಾರೋ ನೆಂಟರು ಎಲ್ಲಿಂದಲೋ ಹುಡುಕಿ ಸುಗ್ಗಿ ಮುಗಿದ ಮೇಲೆ ಉಳಿದ ಮಾವಿನಹಣ್ಣೊಂದನ್ನು ತಂದಿದ್ದರು, ಕಾಕು ಅದನ್ನು ಎಡೆಯಿಂದ ತೆಗೆದು ಮಲ್ಲುವಿನ ಕೈಗೆ ಕೊಟ್ಟಳು. ಗದ್ದುಗೆಗೆ ವಿಭೂತಿ ಹಚ್ಚಿ, ಪತ್ರಿ ಏರಿಸಿ, ಊದಿನಕಡ್ಡಿ ಹಚ್ಚಿದ್ದಾಯಿತು. ಆಮೇಲೆ ಆಕೆ ಸೆರಗಿನ ಗಂಟು ಬಿಚ್ಚಿ ಆ ಎಲೆ ಹೊರತೆಗೆದಳು. ಅದನ್ನು ಯಾವಾಗ ಕಿತ್ತಳೋ ನಾನು ನೋಡಿರಲಿಲ್ಲ. ಗದ್ದುಗೆಯ ಮೇಲೆ, ಎಲೆಯ ಬೆನ್ನು ಮೇಲಾಗಿರುವಂತೆ ಅಗಲಿಸಿ ಇಟ್ಟಳು.

"ಎಣಸ್ರಿ" ಎಂದಳು.

ಹನಿ ಬೀಳತೊಡಗಿತು. ನೆಂಟರು ಬುತ್ತಿ ಪಾತ್ರೆ ಎತ್ತಿಕೊಂಡು ರಸ್ತೆಯ ಕಡೆ ನಡೆದರು. ಮಲ್ಲು ಕೊಡೆ ಬಿಚ್ಚಿ, "ಏಳಬೇ, ಮಳಿ ಬಂತು" ಎಂದ. ಆಕೆ ಏಳಲಿಲ್ಲ. ಗದ್ದುಗೆಯ ಮುಂದೆ ಮಂಡಿಯೂರಿ ಕೂತು ಆ ಎಲೆಯ ಮೇಲಿಂದ ಕಣ್ಣು ತೆಗೆಯಲಿಲ್ಲ.

"ತಡಿಯೋ. ಎಲಿ ನೋಡೂದ್ರಾಗ ಅವರೇನು ಅವಸರ ಮಾಡಾವ್ರಲ್ಲ" ಎಂದಳು.